ತಿಂಗಳಿಗೆ ಎರಡು ಸಲ ತೆಗೆಯೋ ಕಾರಿಗೆ ಯಾವ ಬ್ಯಾಟರಿ ಚಾರ್ಜರ್ ತಗೋಬೇಕು?

ಹಳದಿಮಾರ್ಗ_ಪ್ರಯಾಣಿಕ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. 2025ರ ಆಗಸ್ಟಲ್ಲಿ ಹಳದಿ ಮೆಟ್ರೊ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಗೆ ಕಾರಲ್ಲಿ ಹೋಗೋದು ನಿಂತೇಹೋಯ್ತು. ಈಗ ಕಾರು ಏನಿದ್ರೂ ಊರಿಗೆ, ಮದುವೆ-ಮುಂಜಿಗೆ. ಉಳಿದಂತೆ ಬೇಸ್‌ಮೆಂಟಲ್ಲಿ ಧೂಳು ತಿಂತಾ ನಿಂತಿರತ್ತೆ. ಮೊನ್ನೆ ಮೂರು ವಾರ ಬಿಟ್ಟು ಕೀ ತಿರುಗಿಸಿದ್ರೆ ಟಕ್ ಟಕ್ ಟಕ್ ಅಷ್ಟೇ. ಜಂಪ್ ಸ್ಟಾರ್ಟ್ ಮಾಡೋಕೆ ಬಂದ ಹುಡುಗ "ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕ್ಸಿ, ನಮ್ಮತ್ರಾನೇ ಇದೆ" ಅಂದ. ಬ್ಯಾಟರಿಗೆ ಇನ್ನೂ ಎರಡು ವರ್ಷ ತುಂಬಿಲ್ಲ.

ಕಾರು 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 35 ಎಎಚ್ (ಆಂಪ್-ಅವರ್, ಅಂದ್ರೆ ಎಷ್ಟು ಚಾರ್ಜ್ ಹಿಡಿಯತ್ತೆ ಅನ್ನೋ ಅಳತೆ) ಬ್ಯಾಟರಿ. ನನ್ನ ಪಾರ್ಕಿಂಗ್ ಪಕ್ಕದ ಕಂಬದಲ್ಲಿ ನಮ್ಮ ಮನೆ ಮೀಟರ್‌ನಿಂದಲೇ ಎಳೆದ ಒಂದು ಪಾಯಿಂಟ್ ಇದೆ. ಅಲ್ಲಿಗೇ ಒಂದು ಚಾರ್ಜರ್ ಸಿಕ್ಕಿಸಿ ಮರೆತುಬಿಡೋಣ ಅಂತ ಯೋಚನೆ. ಆನ್‌ಲೈನಲ್ಲಿ ಎಂಟುನೂರು ರೂಪಾಯಿಂದ ಹಿಡಿದು ಹತ್ತು ಸಾವಿರದವರೆಗೂ ಇವೆ. 1 ಆಂಪ್ ಸಾಕಾ, 5 ಬೇಕಾ, 10 ಬೇಕಾ? ಸದಾ ಸಿಕ್ಕಿಸಿಟ್ರೆ ಬ್ಯಾಟರಿ ಬೆಂದುಹೋಗಲ್ವಾ?

ಸಿಲ್ಕ್‌ಬೋರ್ಡ್_ಸಂತ್ರಸ್ತ

ಚಾರ್ಜರ್ ಯಾಕೆ ಗುರು? ವಾರಕ್ಕೊಂದ್ಸಲ ಕೆಳಗಿಳಿದು ಹತ್ತು ನಿಮಿಷ ಎಂಜಿನ್ ಆನ್ ಮಾಡಿ ಬಿಡು. ನಮ್ಮಪ್ಪ ಜೀವನಪೂರ್ತಿ ಅದನ್ನೇ ಮಾಡಿದ್ದು.

ಎಕ್ಸ್‌ಚೇಂಜ್_ನಿವೃತ್ತ (ಮೈಸೂರು)

ಹತ್ತು ನಿಮಿಷದ ಸಲಹೆಗೆ ಮೊದಲು ಉತ್ತರ ಹೇಳಿಬಿಡ್ತೀನಿ, ಯಾಕಂದ್ರೆ ಇದನ್ನ ನಂಬಿ ಬ್ಯಾಟರಿ ಕಳಕೊಂಡವರು ಬಹಳ ಜನ.

ನಿಂತ ಕಾರಿನ ಬ್ಯಾಟರಿ ಸ್ಟಾರ್ಟ್ ಮಾಡಿ ಮಾಡಿ ಖಾಲಿಯಾಗೋದಲ್ಲ. ಸ್ಟಾರ್ಟರ್ 150 ಆಂಪ್ ಎಳೆದರೂ ಅದು ಎರಡು ಸೆಕೆಂಡಿನ ಮಾತು, ಲೆಕ್ಕ ಹಾಕಿದರೆ 0.1 ಎಎಚ್ ಕೂಡ ಇಲ್ಲ. ತಿನ್ನೋದು ನಿದ್ದೆಯಲ್ಲಿರೋ ಎಲೆಕ್ಟ್ರಾನಿಕ್ಸ್: ಅಲಾರ್ಮ್, ರಿಮೋಟ್ ಲಾಕ್ ರಿಸೀವರ್, ಇಮೊಬಿಲೈಸರ್, ಸ್ಟೀರಿಯೋ ನೆನಪು, ಗಡಿಯಾರ. ಇವೆಲ್ಲ ಸೇರಿ 20ರಿಂದ 50 ಮಿಲಿಆಂಪ್ ಎಳೀತಾನೇ ಇರುತ್ತವೆ. 30 ಅಂತ ಹಿಡೀರಿ. ದಿನಕ್ಕೆ 0.72 ಎಎಚ್. ಮೂರು ವಾರಕ್ಕೆ 15 ಎಎಚ್. 35 ಎಎಚ್ ಬ್ಯಾಟರಿಯಲ್ಲಿ ಹತ್ತಿರ ಹತ್ತಿರ ಅರ್ಧ ಹೋಯ್ತು. ಬ್ಯಾಟರಿ ತಾನಾಗೇ ಕಳಕೊಳ್ಳೋದು ಬೇರೆ.

ಇನ್ನು ಐಡ್ಲಿಂಗ್‌ನಲ್ಲಿ ಹತ್ತು ನಿಮಿಷಕ್ಕೆ ವಾಪಸ್ ಬರೋದು ಹೆಚ್ಚೆಂದರೆ ಒಂದೆರಡು ಎಎಚ್. ಲೆಡ್-ಆಸಿಡ್ ಬ್ಯಾಟರಿ 80 ಪರ್ಸೆಂಟ್ ದಾಟಿದ ಮೇಲಂತೂ ನಿಧಾನವಾಗೇ ತಗೊಳ್ಳೋದು, ಕೊನೇ ಭಾಗಕ್ಕೆ ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತು ಬೇಸ್‌ಮೆಂಟಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ಕುಡೀಬೇಕಾಗುತ್ತೆ. ಎಂಜಿನ್ ಪೂರ್ತಿ ಬಿಸಿಯಾಗದೆ ಸೈಲೆನ್ಸರ್‌ನಲ್ಲಿ ನೀರು ಕೂರುತ್ತೆ. ವಾರಕ್ಕೊಮ್ಮೆ ನೈಸ್ ರೋಡಲ್ಲಿ ಮುಕ್ಕಾಲು ಗಂಟೆ ಓಡಿಸ್ತೀನಿ ಅನ್ನೋದಾದರೆ ಬೇರೆ ಮಾತು. ಅದು ಟೈರಿಗೂ ಬ್ರೇಕಿಗೂ ಒಳ್ಳೇದು.

ಸದಾ ಸಿಕ್ಕಿಸಿಡೋ ಪ್ರಶ್ನೆಗೆ: ನಾನು ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಪವರ್ ಪ್ಲಾಂಟ್ ನೋಡ್ಕೋತಿದ್ದವನು. ಅಲ್ಲಿ 2 ವೋಲ್ಟಿನ 24 ಸೆಲ್‌ಗಳ ಬ್ಯಾಂಕ್, ನಾವು ಅದಕ್ಕೆ 48 ವೋಲ್ಟ್ ಅಂತಿದ್ವಿ. ಅದು ವರ್ಷವಿಡೀ ಚಾರ್ಜರ್‌ಗೆ ಕಚ್ಚಿಕೊಂಡೇ ಇರುತ್ತೆ. ಬೇಯಲ್ಲ, ಯಾಕೆ ಅಂದ್ರೆ ಸೆಲ್‌ಗೆ 2.25 ವೋಲ್ಟ್, ಒಟ್ಟು 54 ವೋಲ್ಟಿಗೆ ಹಿಡಿದಿಟ್ಟಿರ್ತೀವಿ. ಇದೇ ಫ್ಲೋಟ್. ನಿಮ್ಮ ಕಾರು ಬ್ಯಾಟರಿಯಲ್ಲಿ ಆರು ಸೆಲ್, ಅಂದರೆ 13.5 ವೋಲ್ಟ್. ಹಾಗಾಗಿ ಆಂಪ್ ಎಷ್ಟು ಅಂತ ತಲೆ ಕೆಡಿಸಿಕೊಳ್ಳೋ ಮುಂಚೆ ಅಂಗಡಿಯವನಿಗೆ ಒಂದೇ ಪ್ರಶ್ನೆ ಕೇಳಿ: ಬ್ಯಾಟರಿ ತುಂಬಿದ ಮೇಲೆ ಈ ಚಾರ್ಜರ್ ಏನು ಮಾಡುತ್ತೆ?

ಹುಬ್ಳಿ_ಆಟೋ_ಇಲೆಕ್ಟ್ರಿಕ್

ಸರ್ ಹೇಳಿದ್ದು ಖರೇ ಐತ್ರಿ. ನಮ್ಮ ಅಂಗಡಿಗೆ "ಸತ್ತೈತಿ" ಅಂತ ತರೂ ಬ್ಯಾಟರಿ ಭಾಳಷ್ಟು ಸತ್ತಿರೂದಿಲ್ರಿ, ಹಸದಿರ್ತಾವು. ನಿಧಾನ ಉಣ್ಣಿಸಿದ್ರ ಎದ್ದು ಕೂಡ್ತಾವು. ಆದ್ರ ತಿಂಗಳುಗಟ್ಲೆ ಖಾಲಿ ಬಿಟ್ರ ಪ್ಲೇಟಿನ ಮ್ಯಾಲೆ ಸಲ್ಫೇಟ್ ಗಟ್ಟಿ ಆಗಿ ಕೂಡತೈತಿ. ಆಮ್ಯಾಲೆ ಯಾವ ಚಾರ್ಜರ್ ಹಚ್ಚಿದ್ರೂ ಅಷ್ಟರಾಗ ಐತಿ.

ಮೊದಲ ಒಂದು ಮಲ್ಟಿಮೀಟರ್ ತಗೋರಿ. ರಾತ್ರಿ ಗಾಡಿ ನಿಲ್ಲಿಸಿ ಮುಂಜಾನೆ ಬಾನೆಟ್ ತಗದು ನೋಡ್ರಿ. 12.6 ಮ್ಯಾಲೆ ಇದ್ರ ಹೊಟ್ಟಿ ತುಂಬೈತಿ. 12.4 ಅಂದ್ರ ಮುಕ್ಕಾಲು. 12.2 ಅಂದ್ರ ಅರ್ಧ. 12ಕ್ಕ ಬಂದ್ರ ಕಾಲು ಭಾಗ ಉಳದೈತಿ. ಗಾಡಿ ಬಂದ್ ಮಾಡಿದ ಕೂಡ್ಲೆ ನೋಡಬ್ಯಾಡ್ರಿ, ಸುಳ್ಳ ಹೆಚ್ಚಿಗಿ ತೋರಸ್ತೈತಿ. ಮತ್ತ ಬ್ಯಾಟರಿ ಮ್ಯಾಲಿನ ಹಸಿರು ಕಣ್ಣು ನಂಬಬ್ಯಾಡ್ರಿ. ಅದು ಆರರಾಗ ಒಂದು ಸೆಲ್ ಅಷ್ಟ ನೋಡತೈತಿ.

ಪಡುಕರೆ_ಟು_ಮಸ್ಕತ್

ನಾನು ಮಸ್ಕತ್‌ನಲ್ಲಿರುದು, ಕಾರು ಉಡುಪಿ ಮನೆಯಲ್ಲಿ. ವರ್ಷಕ್ಕೆ ಒಂದು ರಜೆ. ಇಷ್ಟೆಲ್ಲ ಎಂತಕ್ಕೆ ಮಾರಾಯ್ರೆ? ಅಪ್ಪನಿಗೆ ಹತ್ತರ ಸ್ಪ್ಯಾನರ್ ಕೊಟ್ಟು ಮೈನಸ್ ಕಳಚಿಡ್ಲಿಕ್ಕೆ ಹೇಳಿದ್ದೇನೆ. ಖರ್ಚು ಸೊನ್ನೆ. ಕರೆಂಟು ಹೋದರೂ ಚಿಂತೆ ಇಲ್ಲ, ಇಲ್ಲಿ ಮಳೆಗಾಲದಲ್ಲಿ ಅದು ಬರುದೇ ಅಪರೂಪ.

ಎಕ್ಸ್‌ಚೇಂಜ್_ನಿವೃತ್ತ

ಮಸ್ಕತ್‌ನವರೇ, ನಿಮ್ಮ ದಾರಿ ಕೆಟ್ಟದ್ದಲ್ಲ. ಕಾರಿನ ಬಾಯಿ ಮುಚ್ಚಿಸೋಕೆ ಅದಕ್ಕಿಂತ ಸುಲಭ ಉಪಾಯ ಇಲ್ಲ. ಆದರೆ ಬ್ಯಾಟರಿ ಒಳಗೇ ಸೋರಿಹೋಗೋದು ನಿಲ್ಲಲ್ಲ. ಈಗಿನ ಕ್ಯಾಲ್ಸಿಯಂ ಪ್ಲೇಟಿನವು ಕಡಿಮೆ ಸೋರ್ತವೆ, ನೀರು ಹಾಕೋ ಹಳೇ ಥರದವು ಜಾಸ್ತಿ. ಸೆಕೆ ಹತ್ತು ಡಿಗ್ರಿ ಏರಿದರೆ ಈ ಸೋರಿಕೆ ಸುಮಾರು ಎರಡರಷ್ಟಾಗುತ್ತೆ. ಕರಾವಳಿಯ ಶೆಡ್‌ನಲ್ಲಿ ವರ್ಷ ಅಂದರೆ ಉದ್ದವಾಯ್ತು. ಅಪ್ಪ ಎರಡು ಮೂರು ತಿಂಗಳಿಗೊಮ್ಮೆ ಬ್ಯಾಟರಿ ಒಳಗೆ ತಂದು ಒಂದು ರಾತ್ರಿ ಚಾರ್ಜ್‌ಗೆ ಹಾಕಿದರೆ ಸಾಕು.

ಬೆಂಗಳೂರಿನವರಿಗೆ ಎರಡು ವಾರಕ್ಕೊಮ್ಮೆ ಕಾರು ಬೇಕು. ಪ್ರತಿ ಸಲ ಸ್ಪ್ಯಾನರ್ ಹಿಡಿದರೆ ಗಡಿಯಾರ ಹೋಗುತ್ತೆ, ಕಿಟಕಿಯ ಆಟೋ ಕೆಲಸ ಮಾಡಲ್ಲ, ಕೆಲವು ಸ್ಟೀರಿಯೋ ಕೋಡ್ ಕೇಳುತ್ತೆ, ರಿಮೋಟ್ ಇಲ್ಲದೆ ಕೀಲಿಯಲ್ಲೇ ತೆಗೀಬೇಕು. ಬ್ಯಾಟರಿ ಡಿಕ್ಕಿಯಲ್ಲಿರೋ ಕಾರಾದರೆ, ಡಿಕ್ಕಿ ಬೀಗ ಕರೆಂಟಿನದೇ ಆಗಿದ್ದರೆ, ಮುಚ್ಚೋ ಮುಂಚೆ ಎರಡು ಸಲ ಯೋಚಿಸಿ.

ಪದ್ಮಿನಿ_ಪಾಲಕ

ನಮ್ಮ ಪ್ರೀಮಿಯರ್ ಪದ್ಮಿನಿಗೆ ಕಟ್-ಆಫ್ ಸ್ವಿಚ್ ಹಾಕ್ಸಿದೀನಿ. ತಿರುಗಿಸಿದ್ರೆ ಮುಗೀತು. ಹಳೇ ಗಾಡಿಗೆ ಮರೆಯೋ ನೆನಪೇ ಇಲ್ಲ 😄

ಹೊಸಬ_ನಾನು

ಸಣ್ಣ ಡೌಟು. ಫಾಸ್ಟ್ಯಾಗ್ ಕೂಡ ಬ್ಯಾಟರಿ ತಿನ್ನುತ್ತಾ? ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಯಾರೋ ಹಾಕಿದ್ರು.

ಸಿಲ್ಕ್‌ಬೋರ್ಡ್_ಸಂತ್ರಸ್ತ

ಗಾಜಿಗೆ ಅಂಟಿಸಿರೋ ಸ್ಟಿಕರ್‌ಗೆ ಎಲ್ಲಿ ವೈರ್ ಇದೆ ಗುರು? ಟೋಲಿನ ರೀಡರ್ ಕಳಿಸೋ ರೇಡಿಯೋ ಅಲೆಯಿಂದಲೇ ಅದು ಕೆಲಸ ಮಾಡೋದು. ತಿನ್ನೋದು ಬೇರೆ ಇವೆ: ಪಾರ್ಕಿಂಗ್ ಮೋಡಲ್ಲಿರೋ ಡ್ಯಾಶ್‌ಕ್ಯಾಮ್, ಒಬಿಡಿ ಪೋರ್ಟಿಗೆ (ಮೆಕ್ಯಾನಿಕ್ ಸ್ಕ್ಯಾನರ್ ಹಾಕೋ ಸಾಕೆಟ್) ಚುಚ್ಚಿದ ಟ್ರ್ಯಾಕರ್, ಹೊರಗಡೆ ಹಾಕ್ಸಿದ ಆಂಡ್ರಾಯ್ಡ್ ಸ್ಟೀರಿಯೋ.

ಹಳದಿಮಾರ್ಗ_ಪ್ರಯಾಣಿಕ

ಡ್ಯಾಶ್‌ಕ್ಯಾಮ್ ಇದೆ! ಫ್ಯೂಸ್ ಬಾಕ್ಸಿಂದಲೇ ವೈರ್ ಎಳೆದು ಕೊಟ್ಟಿದ್ದಾರೆ. ಎಷ್ಟು ಎಳೀತಿದೆ ಅಂತ ಮನೇಲೇ ಅಳೆಯೋಕಾಗತ್ತಾ?

ಹುಬ್ಳಿ_ಆಟೋ_ಇಲೆಕ್ಟ್ರಿಕ್

ಆಗತೈತ್ರಿ. ಮೈನಸ್ ಕೇಬಲ್ ಬಿಚ್ಚಿ, ಮಲ್ಟಿಮೀಟರ್ ಕೆಂಪು ವೈರ್ 10 ಆಂಪ್ ತೂತಿಗೆ ಹಾಕಿ, ಕೇಬಲ್‌ಗೂ ಬ್ಯಾಟರಿಗೂ ನಡುವ ಮೀಟರ್ ಕೂಡಸ್ರಿ. ಎಲ್ಲಾ ಬಾಗಿಲಾ ಹಾಕಿ, ಕೀ ಗಾಡಿಯಿಂದ ದೂರ ಇಡ್ರಿ. ಅರ್ಧ ತಾಸು ಮ್ಯಾಲೆ ಕಾಯ್ರಿ, ಕಂಪ್ಯೂಟರ್ ಎಲ್ಲಾ ಮಲಗಬೇಕು. ಮೊದಲ ಅರ್ಧ ಆಂಪ್, ಒಂದು ಆಂಪ್ ತೋರಿಸಿದ್ರ ಗಾಬರಿ ಆಗಬ್ಯಾಡ್ರಿ. ಮೀಟರ್ ಹಂಗ ಇದ್ದಾಗ ಸೆಲ್ಫ್ ಹೊಡಿಯಂಗಿಲ್ಲ, ಹೊಡದ್ರ ಮೀಟರ್ ಫ್ಯೂಸ್ ಢಂ ಅಂತೈತಿ.

ಮಲೆನಾಡ_ಜೀಪು

ಮಧ್ಯ ಬಂದೆ, ಕ್ಷಮಿಸಿ. ಮನೆಯಲ್ಲಿ 150 ಎಎಚ್ ಇನ್ವರ್ಟರ್ ಇದೆಯಲ್ಲ, ಅದರ ಬ್ಯಾಟರಿ ಕಳಚಿ ಆ ವೈರನ್ನೇ ಕಾರಿನ ಬ್ಯಾಟರಿಗೆ ಕೊಟ್ಟರೆ ಆಗದಾ? ಅದೂ 12 ವೋಲ್ಟೇ ತಾನೆ.

ಎಕ್ಸ್‌ಚೇಂಜ್_ನಿವೃತ್ತ

ಬೇಡ. ಇನ್ವರ್ಟರ್ 150 ಎಎಚ್‌ಗೆ ಲೆಕ್ಕ ಹಾಕಿ 10-15 ಆಂಪ್ ತಳ್ಳುತ್ತೆ. ಬ್ಯಾಟರಿಯ ಎಎಚ್‌ನ ಹತ್ತನೇ ಒಂದು ಭಾಗ ಅನ್ನೋದು ಹಳೇ ಸೂತ್ರ, ಈಗಲೂ ತಪ್ಪಲ್ಲ. 35 ಎಎಚ್‌ಗೆ ಮೂರೂವರೆ ಆಂಪ್. ಅದರ ನಾಲ್ಕರಷ್ಟು ತಳ್ಳಿದರೆ ಬಿಸಿಯಾಗಿ ಗ್ಯಾಸ್ ಬಿಡುತ್ತೆ. ಟ್ಯೂಬುಲರ್ ಬ್ಯಾಟರಿಗೆ ಇಟ್ಟ ಚಾರ್ಜಿಂಗ್ ವೋಲ್ಟೇಜ್ ಕಾರಿನ ಸೀಲ್ಡ್ ಬ್ಯಾಟರಿಗೆ ಹೆಚ್ಚೂ ಆಗಬಹುದು.

ಮಲೆನಾಡ_ಜೀಪು

ಸರಿ, ಕೈಬಿಟ್ಟೆ. ಇಲ್ಲಿ ಬಾನೆಟ್ ಒಳಗೆ ಇಲಿಯ ಸಂಸಾರವೇ ಇದೆ, ಚಾರ್ಜರ್ ವೈರು ಬಿಟ್ಟಿಟ್ಟರೆ ಅದನ್ನೂ ತಿಂದಾವು.

ಹಳದಿಮಾರ್ಗ_ಪ್ರಯಾಣಿಕ

ಭಾನುವಾರ ಕೂತು ಅಳೆದೆ. ಮಲಗಿದ ಮೇಲೂ 190 ಮಿಲಿಆಂಪ್! ಡ್ಯಾಶ್‌ಕ್ಯಾಮ್ ಫ್ಯೂಸ್ ಕಿತ್ತರೆ 24. ದಿನಕ್ಕೆ ನಾಲ್ಕೂವರೆ ಎಎಚ್ ಹೋಗ್ತಿತ್ತು ಅಂದ್ರೆ ಮೂರು ವಾರ ತಡೆದಿದ್ದೇ ದೊಡ್ಡದು.

ಎಕ್ಸ್‌ಚೇಂಜ್_ನಿವೃತ್ತ

ಅಷ್ಟಕ್ಕೆ 35 ಎಎಚ್ ಎಂಟು ದಿನ ಬರಲ್ಲ. ಕ್ಯಾಮೆರಾದ ವೈರಿಂಗ್ ಕಿಟ್‌ನಲ್ಲಿ ವೋಲ್ಟೇಜ್ ಇಳಿದಾಗ ಕಡಿಯೋ ವ್ಯವಸ್ಥೆ ಇದ್ದಿರಬೇಕು, ಅದು 11.6ರಂಥ ಕೆಳಗಿನ ಅಂಕಿಗೆ ಇಟ್ಟಿರಬಹುದು. ಅದನ್ನ 12.2ಕ್ಕೋ 12.4ಕ್ಕೋ ಏರಿಸಿ. ಅಥವಾ ಬೇಸ್‌ಮೆಂಟಲ್ಲಿ ಪಾರ್ಕಿಂಗ್ ಮೋಡ್ ಬಂದ್ ಮಾಡಿ. 24 ಮಿಲಿಆಂಪ್ ಅಂದರೆ ದಿನಕ್ಕೆ 0.6 ಎಎಚ್. 1 ಆಂಪ್ ಚಾರ್ಜರ್ ಅದನ್ನ ದಿನಕ್ಕೆ ಒಂದು ಗಂಟೆ ಒಳಗೇ ತುಂಬಿಕೊಡುತ್ತೆ.

ಅಲ್ಲಿಗೆ ಆಂಪ್ ಪ್ರಶ್ನೆಗೂ ಉತ್ತರ ಸಿಕ್ತು. ಕಾಯ್ದುಕೊಳ್ಳೋಕೆ 1 ಆಂಪ್ ಧಾರಾಳ. ಆದರೆ ಪೂರ್ತಿ ಕುಸಿದ 35 ಎಎಚ್ ಬ್ಯಾಟರಿ ಎತ್ತೋಕೆ ಅದಕ್ಕೆ ಒಂದೂವರೆ ದಿನದ ಮೇಲೆ ಬೇಕು. ಮನೆಯಲ್ಲಿ ಡೀಸೆಲ್ ಗಾಡಿಯೂ ಇದ್ದರೆ 4-5 ಆಂಪ್‌ನದು ತಗೊಳ್ಳಿ. ಬುದ್ಧಿ ಇರೋ ಚಾರ್ಜರ್ ಬ್ಯಾಟರಿ ತುಂಬ್ತಾ ಬಂದ ಹಾಗೆ ತಾನೇ ಕರೆಂಟ್ ಇಳಿಸುತ್ತೆ, ಹಾಗಾಗಿ 5 ಆಂಪ್‌ನದು ಸಣ್ಣ ಬ್ಯಾಟರಿಯನ್ನ ಹಾಳು ಮಾಡಲ್ಲ. 10 ಆಂಪ್ ನಿಮಗೆ ಬೇಡ.

ಹಳದಿಮಾರ್ಗ_ಪ್ರಯಾಣಿಕ

ಹೆಸರು ಹೇಳಿ ಸರ್, ಇಲ್ಲಾಂದ್ರೆ ಇನ್ನೂ ಒಂದು ತಿಂಗಳು ರಿವ್ಯೂ ಓದ್ತಾ ಕೂತಿರ್ತೀನಿ.

ಎಕ್ಸ್‌ಚೇಂಜ್_ನಿವೃತ್ತ

ಮೂರು ಹೇಳ್ತೀನಿ. ಬಾಷ್ ಸಿ3: 3.8 ಆಂಪ್, 120 ಎಎಚ್‌ವರೆಗೆ ಆಗುತ್ತೆ, ಬೈಕಿಗೆ 0.8 ಆಂಪ್‌ನ ಮೋಡ್ ಇದೆ. ನೋಕೋ ಜೀನಿಯಸ್ 1: ಹೆಸರೇ ಹೇಳೋ ಹಾಗೆ 1 ಆಂಪ್, ಅಂಗೈಯಷ್ಟಿದೆ. ಸ್ವೀಡನ್ನಿನ ಸಿಟೆಕ್ ಎಂಎಕ್ಸ್‌ಎಸ್ 5.0: 5 ಆಂಪ್, ಎಂಟು ಹಂತ. ಇದು ತುಂಬಿದ ಮೇಲೆ 13.6 ವೋಲ್ಟಿನಲ್ಲಿ ಹತ್ತು ದಿನ ಫ್ಲೋಟ್ ಇಟ್ಟು, ಆಮೇಲೆ ಸುಮ್ಮನಿದ್ದು, ಬ್ಯಾಟರಿ 12.7ಕ್ಕೆ ಇಳಿದಾಗ ಮಾತ್ರ ಮತ್ತೆ 14.4ಕ್ಕೆ ಒಂದು ಪಲ್ಸ್ ಕೊಡುತ್ತೆ. ಸೆಕೆ ನೋಡಿಕೊಂಡು ವೋಲ್ಟೇಜ್ ಸರಿಮಾಡಿಕೊಳ್ಳುತ್ತೆ.

ಈ ಸೆಕೆಯ ವಿಷಯವನ್ನ ನಮ್ಮಲ್ಲಿ ಯಾರೂ ಕೇಳಲ್ಲ, ಕೇಳಬೇಕು. ಫ್ಲೋಟ್ ಅಂಕಿಗಳೆಲ್ಲ 25 ಡಿಗ್ರಿಗೆ ಬರೆದಿರೋದು. ಡಿಗ್ರಿ ಏರಿದ ಹಾಗೆ ಸೆಲ್‌ಗೆ ಸುಮಾರು 3 ಮಿಲಿವೋಲ್ಟ್, ಅಂದರೆ ಬ್ಯಾಟರಿಗೆ 18 ಮಿಲಿವೋಲ್ಟ್ ಇಳಿಸಬೇಕು. ಏಪ್ರಿಲ್‌ನಲ್ಲಿ ಕಲಬುರಗಿಯಲ್ಲಿ 40 ಡಿಗ್ರಿ ಶೆಡ್ ಅಂದರೆ 13.5 ಹೋಗಿ 13.2ರ ಹತ್ತಿರ. ಇಳಿಸದೇ ಬಿಟ್ಟರೆ ಒಳಗಿನ ನೀರು ಮೆಲ್ಲಗೆ ಹಾರಿಹೋಗುತ್ತೆ, ಸೀಲ್ಡ್ ಬ್ಯಾಟರಿಗೆ ವಾಪಸ್ ಹಾಕೋಕೂ ಆಗಲ್ಲ. ಮೈಸೂರು, ಬೆಂಗಳೂರಿನ ಬೇಸ್‌ಮೆಂಟಿಗೆ ಇದು ಅಷ್ಟು ತಲೆನೋವಲ್ಲ.

ಸಂಬಂಧಿಕರ ಕೈಲಿ ಅಮೆರಿಕದಿಂದ ತರಿಸೋರು ಚಾರ್ಜರ್ ಹಿಂದೆ ಬರೆದಿರೋ ಇನ್‌ಪುಟ್ ವೋಲ್ಟೇಜ್ ಓದಿ. 120 ಅಂತ ಮಾತ್ರ ಇದ್ದರೆ ನಮ್ಮ 230ಕ್ಕೆ ಸಿಕ್ಕಿಸಬೇಡಿ.

ಸಿಲ್ಕ್‌ಬೋರ್ಡ್_ಸಂತ್ರಸ್ತ

ಬ್ಯಾಟರಿ ಬೆಲೆಯೇ ನಾಲ್ಕೈದು ಸಾವಿರ. ಅದಕ್ಕೆ ಅದಕ್ಕಿಂತ ದುಬಾರಿ ಚಾರ್ಜರ್ ಹಾಕೋದು ಯಾವ ಲೆಕ್ಕ? ಎಂಟುನೂರರದ್ದು ಯಾಕೆ ಆಗಲ್ಲ? ಅದರಲ್ಲೂ ಡಿಸ್ಪ್ಲೇ ಇದೆ, "ಪಲ್ಸ್ ರಿಪೇರ್" ಅಂತಾನೂ ಬರೆದಿದೆ.

ಹುಬ್ಳಿ_ಆಟೋ_ಇಲೆಕ್ಟ್ರಿಕ್

ಲೆಕ್ಕ ಬರೋಬ್ಬರಿ ಐತಿ ನಿಮ್ದು. 35 ಎಎಚ್ ಗಾಡಿಗೆ ಹತ್ತು ಸಾವಿರದ ಚಾರ್ಜರ್ ನಾನೂ ಕೊಡ್ಸೂದಿಲ್ರಿ. ಆದ್ರ ಅಗ್ಗದ್ದು ತಗೊಂಡ್ರ ಸದಾ ಹಚ್ಚಿ ಇಡಬ್ಯಾಡ್ರಿ, ಮೊದಲ ಪರೀಕ್ಷಾ ಮಾಡ್ರಿ.

"ಫುಲ್" ಅಂತ ಬಂದು ಒಂದು ರಾತ್ರಿ ಆದ ಮ್ಯಾಲೆ, ಚಾರ್ಜರ್ ಹಚ್ಚಿದ್ದಂಗ ಬ್ಯಾಟರಿ ಮ್ಯಾಲೆ ಮೀಟರ್ ಇಡ್ರಿ. 13.2ರಿಂದ 13.8ರ ಒಳಗ ಇದ್ರ ಚಲೋ. ಚಾರ್ಜರ್ ಪೂರ್ತಿ ಸುಮ್ನಾಗಿ 12.8 ತೋರಿಸಿದ್ರೂ ಅಡ್ಡಿಯಿಲ್ಲ, ಇಳದಾಗ ಮತ್ತ ಚಾಲೂ ಆಗಬೇಕು ಅಷ್ಟ. ಮುಂಜಾನಿನೂ 14.4 ನಿಂತಿದ್ರ ಅದನ್ನ ಕಿತ್ತು ಇಡ್ರಿ, ಬ್ಯಾಟರಿ ಕುದಸ್ತೈತಿ.

ಇನ್ನೊಂದು. ಕ್ಲಿಪ್ ಬ್ಯಾಟರಿಗೆ ಇರಲಿ, ಗ್ವಾಡಿ ಸ್ವಿಚ್ ಬಂದ್ ಮಾಡ್ರಿ. ಡಿಸ್ಪ್ಲೇ ಇನ್ನೂ ಉರೀತಿತ್ತಂದ್ರ ಕರೆಂಟ್ ಹೋದಾಗೆಲ್ಲ ಚಾರ್ಜರೇ ಬ್ಯಾಟರಿ ಉಣ್ಣತೈತಿ ಅಂತ ತಿಳೀರಿ. ಮತ್ತ ಸ್ವಿಚ್ ಹಾಕ್ರಿ. ತಾನಾಗೇ ಚಾರ್ಜ್ ಶುರು ಆಗಬೇಕು. ಕೆಲವಕ್ಕ ಬಟನ್ ಒತ್ತಬೇಕು. ಲೋಡ್ ಶೆಡ್ಡಿಂಗ್ ಇರೋ ಊರಾಗ ಅಂಥಾದ್ದು ಮೊದಲನೇ ದಿನಾನ ನಿಂತು ಹೋಗತೈತಿ, ನೀವು ಹಚ್ಚೀವಿ ಅಂತ ನಂಬ್ಕೊಂಡು ಕುಂತಿರ್ತೀರಿ.

ಬ್ಯಾಟರಿ ಅಂಗಡ್ಯಾಗಿನ ಮುಳ್ಳಿನ ಮೀಟರ್ ಇರೋ ಟ್ರಾನ್ಸ್‌ಫಾರ್ಮರ್ ಚಾರ್ಜರ್ ಅಂತೂ ಮನಿಗೆ ತರಬ್ಯಾಡ್ರಿ. ಅದಕ್ಕ ನಿಲ್ಲೂದು ಗೊತ್ತಿಲ್ಲ. ನಾವು ಬಾಜೂಕ ನಿಂತು ನೋಡ್ತಿರ್ತೀವಿ, ನೀವು ಮಲಗಿರ್ತೀರಿ. ಕೊಳೆತ ತತ್ತಿ ವಾಸನಿ ಬಂತಂದ್ರ ಬ್ಯಾಟರಿ ಕಥಿ ಮುಗದಂಗ.

ಪಡುಕರೆ_ಟು_ಮಸ್ಕತ್

ಈ ಸ್ವಿಚ್ ಪರೀಕ್ಷೆ ಒಳ್ಳೇದುಂಟು. ಅಪ್ಪನಿಗೆ ಒಂದು ತೆಗೆಸಿಕೊಡುವ ಅಂತ ಮನಸ್ಸಾಗ್ತಾ ಉಂಟು. ಟರ್ಮಿನಲ್ ಮೇಲೆ ಬಿಳಿ-ಹಸಿರು ಹೊಟ್ಟು ಕಟ್ಟಿದೆ, ಹಾಗೆಯೇ ಕ್ಲಿಪ್ ಹಾಕಬಹುದಾ?

ಹುಬ್ಳಿ_ಆಟೋ_ಇಲೆಕ್ಟ್ರಿಕ್

ಬ್ಯಾಡ್ರಿ. ಬಿಸಿ ನೀರಾಗ ಅಡಿಗಿ ಸೋಡಾ ಕಲಿಸಿ ಹಳೇ ಬ್ರಷ್‌ಲೆ ತಿಕ್ರಿ, ಒಣಗಿಸಿ ವ್ಯಾಸಲೀನ್ ಹಚ್ಚರಿ. ಕಣ್ಣಿಗೆ ಹಾರದಂಗ ನೋಡ್ಕೋರಿ.

ಹಳದಿಮಾರ್ಗ_ಪ್ರಯಾಣಿಕ

ಬಾಷ್ ಸಿ3 ಆರ್ಡರ್ ಮಾಡಿದೆ, ಊರಲ್ಲಿ ಅಪ್ಪನ ಬೈಕಿಗೂ ಆಗತ್ತೆ ಅಂತ. ಬ್ಯಾಟರಿ ಬದಲಾಯಿಸಿಲ್ಲ. ಪೂರ್ತಿ ಚಾರ್ಜ್ ಆಗಿ ಒಂದು ರಾತ್ರಿ ಬಿಟ್ಟ ಮೇಲೆ 12.6 ನಿಂತಿದೆ. ಈಗ ಅಸೋಸಿಯೇಷನ್ ಕಾರ್ಯದರ್ಶಿ "ಬೇಸ್‌ಮೆಂಟಲ್ಲಿ ಚಾರ್ಜಿಂಗ್ ಎಲ್ಲ ಬೆಂಕಿ ಅಪಾಯ, ಇವಿ ಪಾಲಿಸಿ ಬರೋವರೆಗೂ ಬೇಡ" ಅಂತಿದಾರೆ. ಏನ್ ಹೇಳೋದು?

ಎಕ್ಸ್‌ಚೇಂಜ್_ನಿವೃತ್ತ

ಅವರಿಗೆ ವ್ಯಾಟ್ ತೋರಿಸಿ. ನಿಮ್ಮ ಚಾರ್ಜರ್ ಪೂರ್ತಿ ಜೋರಲ್ಲಿದ್ದಾಗಲೂ ಸೀಲಿಂಗ್ ಫ್ಯಾನಿನಷ್ಟು ಎಳೆಯುತ್ತೆ, ಫ್ಲೋಟ್‌ಗೆ ಬಂದ ಮೇಲೆ ಕೆಲವೇ ವ್ಯಾಟ್. ಇವಿ ಚಾರ್ಜಿಂಗ್ ಕಿಲೋವ್ಯಾಟ್‌ಗಳ ಲೆಕ್ಕ. ಹಾಗಂತ ಅವರ ಭಯ ಪೂರ್ತಿ ಸುಳ್ಳೂ ಅಲ್ಲ. ಸಡಿಲ ಎಕ್ಸ್‌ಟೆನ್ಷನ್ ಬೋರ್ಡು ನೆಲದ ಮೇಲೆ ಬಿದ್ದಿದ್ದು, ಮಳೆನೀರು ಹರಿದು ಬಂದರೆ ನಾನೇ ಬೇಡ ಅಂತೀನಿ. ಪಾಯಿಂಟ್ ಎತ್ತರದಲ್ಲಿರಲಿ, ಆ ಲೈನಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯೋ ಸ್ವಿಚ್) ಇರಲಿ.

ಸಿಕ್ಕಿಸೋ ಕ್ರಮ: ಮೊದಲು ಕೆಂಪು ಕ್ಲಿಪ್ ಪ್ಲಸ್‌ಗೆ. ಆಮೇಲೆ ಕಪ್ಪು, ಬ್ಯಾಟರಿಯಿಂದ ದೂರ, ಎಂಜಿನ್ ಅಥವಾ ಬಾಡಿಯ ಬಣ್ಣವಿಲ್ಲದ ಲೋಹಕ್ಕೆ. ಕೊನೆಗೆ ಗೋಡೆ ಸ್ವಿಚ್. ಕಳಚೋವಾಗ ಉಲ್ಟಾ. ಬ್ಯಾಟರಿ ಹೈಡ್ರೋಜನ್ ಬಿಡುತ್ತೆ, ಕಿಡಿ ಅದರ ಪಕ್ಕ ಹಾರಬಾರದು. ಸ್ಟಾರ್ಟ್-ಸ್ಟಾಪ್ (ಸಿಗ್ನಲ್‌ನಲ್ಲಿ ಎಂಜಿನ್ ತಾನೇ ಆಫ್ ಆಗೋದು) ಇರೋ ಎಷ್ಟೋ ಕಾರುಗಳಲ್ಲಿ ಮೈನಸ್ ಟರ್ಮಿನಲ್ ಮೇಲೆ ಒಂದು ಸೆನ್ಸರ್ ಕೂತಿರುತ್ತೆ. ಕಪ್ಪು ಕ್ಲಿಪ್ ನೇರ ಅಲ್ಲಿ ಹಾಕಿದರೆ ಬ್ಯಾಟರಿಗೆ ಎಷ್ಟು ಹೋಯ್ತು ಅನ್ನೋ ಲೆಕ್ಕ ಕಾರಿಗೆ ತಪ್ಪುತ್ತೆ, ಬಾಡಿಗೆ ಹಾಕಿದರೆ ಆ ತೊಂದರೆ ಇಲ್ಲ. ಅಂಥ ಕಾರಿನ ಬ್ಯಾಟರಿ ಇಎಫ್‌ಬಿಯೋ ಎಜಿಎಂಓ ಆಗಿರುತ್ತೆ, ಎರಡೂ ಪದೇ ಪದೇ ಸ್ಟಾರ್ಟ್ ಮಾಡೋದನ್ನ ತಾಳಿಕೊಳ್ಳೋ ಲೆಡ್-ಆಸಿಡ್ ಬಗೆಗಳು. ಎಜಿಎಂ ಆದರೆ ಚಾರ್ಜರ್‌ನಲ್ಲಿ ಅದರ ಮೋಡ್ ಇದೆಯಾ ನೋಡಿ.

ಪದೇ ಪದೇ ಕ್ಲಿಪ್ ಹಾಕೋ ಬದಲು ಫ್ಯೂಸ್ ಇರೋ ರಿಂಗ್ ಟರ್ಮಿನಲ್ ವೈರ್ ಸಿಗುತ್ತೆ. ನಟ್ಟಿಗೆ ಒಮ್ಮೆ ಬಿಗಿದು ತುದಿಯನ್ನ ಗ್ರಿಲ್ ಹತ್ತಿರ ತಂದಿಟ್ಟುಕೊಳ್ಳಿ, ಬಾನೆಟ್ ಪೂರ್ತಿ ಮುಚ್ಚುತ್ತೆ. ಕಾರಿನ ಕೀಯನ್ನ ಚಾರ್ಜರ್ ಪ್ಲಗ್ ಇರೋ ಕಡೆಯೇ ನೇತುಹಾಕಿದರೆ ವೈರ್ ಎಳಕೊಂಡು ಗೇಟ್ ದಾಟೋದು ತಪ್ಪುತ್ತೆ.

ಹೊಸಬ_ನಾನು

ಪಾಯಿಂಟೇ ಇಲ್ಲದವರಿಗೆ ಸೋಲಾರ್ ಪ್ಯಾನೆಲ್ ಬರತ್ತಂತಲ್ಲ, ಡ್ಯಾಶ್‌ಬೋರ್ಡ್ ಮೇಲೆ ಇಡೋದು?

ಸಿಲ್ಕ್‌ಬೋರ್ಡ್_ಸಂತ್ರಸ್ತ

ಬೇಸ್‌ಮೆಂಟಲ್ಲಿ ಸೂರ್ಯನ್ನ ಎಲ್ಲಿಂದ ತರ್ತೀಯ? ಬಯಲಲ್ಲಿ ನಿಲ್ಲಿಸೋರಿಗೆ ಸರಿ. 5-10 ವ್ಯಾಟಿನದು 24 ಮಿಲಿಆಂಪ್ ಸೋರಿಕೆಗೆ ಸಾಕಾಗತ್ತೆ. ಆದ್ರೆ ಎಷ್ಟೋ ಕಾರಲ್ಲಿ ಕೀ ತೆಗೆದ್ರೆ ಸಿಗರೇಟ್ ಲೈಟರ್ ಸಾಕೆಟ್ ಬಂದ್ ಆಗತ್ತೆ, ಅಲ್ಲಿ ಚುಚ್ಚಿದ್ರೆ ಒಂದು ಹನಿಯೂ ಒಳಗೆ ಹೋಗಲ್ಲ. ವೈರ್ ನೇರ ಬ್ಯಾಟರಿಗೇ ಎಳೀಬೇಕು.

ಇವಿ_ಹುಡ್ಗ

ಇದಕ್ಕೇ ಹೇಳೋದು ಇವಿ ತಗೊಳ್ಳಿ ಅಂತ. ಈ ಯಾವ ರಗಳೆಯೂ ಇಲ್ಲ 😎

ಎಕ್ಸ್‌ಚೇಂಜ್_ನಿವೃತ್ತ

ನಿಮ್ಮ ಗಾಡಿಯ ಮುಂದಿನ ಬಾನೆಟ್ ತೆಗೆದು ನೋಡಿ, ಅಲ್ಲೂ ಒಂದು 12 ವೋಲ್ಟಿನ ಬ್ಯಾಟರಿ ಕೂತಿರುತ್ತೆ. ದೊಡ್ಡ ಬ್ಯಾಟರಿಯನ್ನ ಗಾಡಿಗೆ ಜೋಡಿಸೋ ಕಾಂಟ್ಯಾಕ್ಟರ್ ಎಳೆಯೋದು ಅದೇ. ಅದು ಕುಸಿದರೆ ದೊಡ್ಡದು 80 ಪರ್ಸೆಂಟ್ ಇದ್ದರೂ ಗಾಡಿ ಏಳಲ್ಲ, ಚಾರ್ಜ್‌ಗೂ ಹಾಕೋಕಾಗಲ್ಲ. ಕೆಲವು ಗಾಡಿ ನಿಂತಲ್ಲೇ ದೊಡ್ಡದರಿಂದ ಚಿಕ್ಕದಕ್ಕೆ ತುಂಬಿಕೊಳ್ಳುತ್ತೆ, ಕೆಲವು ತುಂಬಿಕೊಳ್ಳಲ್ಲ.

ಇವಿ_ಹುಡ್ಗ

ನಮ್ಮದು ಯಾವ ಥರ ಅಂತ ಹೇಗೆ ಗೊತ್ತಾಗತ್ತೆ? ಮುಂದಿನ ತಿಂಗಳು ಒಂದು ತಿಂಗಳು ಊರಲ್ಲಿರಲ್ಲ.

ಎಕ್ಸ್‌ಚೇಂಜ್_ನಿವೃತ್ತ

ಮ್ಯಾನ್ಯುಯಲ್‌ನಲ್ಲಿ ದೀರ್ಘಕಾಲ ನಿಲ್ಲಿಸೋ ಬಗ್ಗೆ ಒಂದು ಭಾಗ ಇರುತ್ತೆ, ಅದು ಓದಿ. ಮೈನಸ್ ಕಳಚೋಕೆ ಹೇಳಿದೆಯಾ, ಹೊರಗಿನ ಚಾರ್ಜರ್ ಹಾಕಬಹುದಾ ಅಂತ ಅಲ್ಲೇ ಇರುತ್ತೆ. ಕಿತ್ತಳೆ ಬಣ್ಣದ ಕೇಬಲ್ ಯಾವುದನ್ನೂ ಮುಟ್ಟಬೇಡಿ.

ಹುಬ್ಳಿ_ಆಟೋ_ಇಲೆಕ್ಟ್ರಿಕ್

ಮತ್ತ ಹೋಗೂಕಿಂತ ಮೊದಲ ಆ ಸಣ್ಣ ಬ್ಯಾಟರಿ ವೋಲ್ಟೇಜ್ ನೋಡಿ ಇಲ್ಲೇ ಬರೀರಿ.